ವ್ಯಾಪಾರ ಬಿದ್ದ ತಿಂಗಳು ನಾವೂ ಬೀಳಬೇಕಾ? ಸಣ್ಣ ವ್ಯಾಪಾರ ಮಾಡುವವರು ಹೇಳಿ

ಅಚ್ಚಿನಮನೆ_ರಾಣೆಬೆನ್ನೂರು

ನನ್ನದು ಪ್ರಿಂಟಿಂಗ್ ಪ್ರೆಸ್. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ದೇಣಿಗೆ ರಸೀದಿ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಬಂದದ್ದನ್ನೆಲ್ಲ ಹೊಡೆದುಕೊಡುತ್ತೇವೆ. ಅಪ್ಪ ಕಾಲಲ್ಲಿ ತುಳಿಯುವ ಟ್ರೆಡಲ್ ಮೆಷಿನ್ ಇಟ್ಟು, ಅಕ್ಷರದ ಮೊಳೆ ಜೋಡಿಸಿ ಶುರು ಮಾಡಿದ್ದು. ಈಗ ಒಂದು ಮಿನಿ ಆಫ್‌ಸೆಟ್, ಒಂದು ಡಿಜಿಟಲ್ ಮೆಷಿನ್, ಇಬ್ಬರು ಹುಡುಗರು.

ವ್ಯಾಪಾರ ಹೆಚ್ಚಿಸುವ ಉಪಾಯ ಕೇಳಲು ಬಂದಿಲ್ಲ, ಅದು ಯೂಟ್ಯೂಬ್ ತುಂಬಾ ಇದೆ. ನನ್ನ ಪ್ರಶ್ನೆ ಬೇರೆ. ಗಲ್ಲಾಕ್ಕೆ ದುಡ್ಡು ಬಿದ್ದ ದಿನ ಮನೆಯಲ್ಲಿ ನಗುತ್ತಾ ಮಾತಾಡುತ್ತೇನೆ. ಬೀಳದ ದಿನ ಊಟಕ್ಕೆ ಕೂತರೂ ಯಾರ ಮುಖ ನೋಡಲೂ ಆಗುವುದಿಲ್ಲ. ಮಗಳು ಈಗೀಗ ನಾನು ಚಪ್ಪಲಿ ಬಿಡುವಾಗಲೇ "ಇವತ್ತು ಆರ್ಡರ್ ಬಂತಾ ಅಪ್ಪಾಜಿ" ಅಂತ ಕೇಳುತ್ತಾಳೆ. ಆರ್ಡರ್ ಕಟ್ಟಿಕೊಂಡು ಅವಳಿಗೇನು, ಶಾಲೆಯ ಟೂರ್‌ಗೆ ದುಡ್ಡು ಕೇಳಲು ಇದು ಸರಿಯಾದ ದಿನವಾ ಅಂತ ನೋಡಿಕೊಳ್ಳುತ್ತಾಳೆ ಅಷ್ಟೇ.

ಆಷಾಢದಲ್ಲಿ ಲಗ್ನ ಇರುವುದಿಲ್ಲ. ಅಪ್ಪನ ಕಾಲದಿಂದಲೂ ಆ ತಿಂಗಳು ಪ್ರೆಸ್ ತಣ್ಣಗೇ ಇರುತ್ತದೆ. ಇದೆಲ್ಲ ಗೊತ್ತಿದ್ದೂ ಪ್ರತಿ ಆಷಾಢ ನಾನು ಕೆಲಸಕ್ಕೆ ಬಾರದವನು ಅನ್ನಿಸಲು ಶುರುವಾಗುತ್ತದೆ. ಶ್ರಾವಣದಲ್ಲಿ ನಾಲ್ಕು ಪತ್ರಿಕೆಯ ಆರ್ಡರ್ ಬಂದರೆ ಅದೇ ನಾನು ಗಟ್ಟಿಗ. ಪಂಚಾಂಗ ನೋಡಿ ಏರಿಳಿಯುವ ಬೆಲೆ ಅದೆಂಥ ಬೆಲೆ ಹೇಳಿ.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಊರಿನ ಪ್ರತಿ ಅಂಗಡಿಗೂ ಹೊಸ ಬಿಲ್ ಬುಕ್ ಬೇಕಾಯಿತು, ರಾತ್ರಿಯೆಲ್ಲ ಮೆಷಿನ್ ಓಡಿಸಿದೆವು, ನನ್ನಂಥ ವ್ಯಾಪಾರಿ ಇನ್ನೊಬ್ಬನಿಲ್ಲ ಅಂತ ಎದೆಯುಬ್ಬಿಸಿಕೊಂಡು ತಿರುಗಿದೆ. 2020ರಲ್ಲಿ ಮದುವೆಗೆ 50 ಜನ ಅಂತ ಸರ್ಕಾರ ಮಿತಿ ಹಾಕಿತು. 50 ಜನಕ್ಕೆ ಯಾರು ಪತ್ರಿಕೆ ಹೊಡೆಸುತ್ತಾರೆ, ವಾಟ್ಸಾಪ್ ಸಾಕು. ಆ ಅಭ್ಯಾಸ ಹಾಗೇ ಉಳಿದುಬಿಟ್ಟಿತು. ಆಗಿನಿಂದ ಈ ಭಾರ ಇನ್ನೂ ಜಾಸ್ತಿ.

ನಾನು ಬೇರೆ, ಅಂಗಡಿ ಬೇರೆ ಅಂತ ನಿಜವಾಗಿ ಬದುಕುತ್ತಿರುವವರು ಯಾರಾದರೂ ಇದ್ದೀರಾ? ಇದ್ದರೆ ಹೇಗೆ ಮಾಡುತ್ತೀರಿ?

ಪೀಣ್ಯ_ಲೇತ್

ಅಣ್ಣ, ನಿಮ್ಮ ಉತ್ತರ ನಿಮ್ಮ ಪೋಸ್ಟಿನಲ್ಲೇ ಇದೆ ಅಲ್ವಾ. 2017ರಲ್ಲಿ ಗೆಲ್ಲಿಸಿದ್ದು ಒಂದು ಕಾನೂನು, 2020ರಲ್ಲಿ ಸೋಲಿಸಿದ್ದು ಒಂದು ರೋಗ. ಎರಡೂ ಸಲ ಮೆಷಿನ್ ಓಡಿಸಿದವರು ನೀವೇ, ಕೈಕೆಲಸವೂ ಅದೇ. ಸೋಲು ನನ್ನದಲ್ಲ ಅಂತ ಹೇಳಿಕೊಳ್ಳಲು ಎಲ್ಲರಿಗೂ ಇಷ್ಟ. ಹಾಗಾದರೆ ಆ ಗೆಲುವೂ ಪೂರ್ತಿ ನನ್ನದಾಗಿರಲಿಲ್ಲ ಅಂತಲೂ ಒಪ್ಪಬೇಕಾಗುತ್ತದೆ. ಅದು ಕಷ್ಟ.

ನನ್ನದು ಪೀಣ್ಯದಲ್ಲಿ ಜಾಬ್ ವರ್ಕ್, ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವುದು. ಕಂಪ್ಯೂಟರಿನಿಂದ ಓಡುವ ಎರಡು ಸಿಎನ್‌ಸಿ ಮೆಷಿನ್, ಒಂದು ಹಳೆ ಲೇತ್. ನಮ್ಮಲ್ಲಿ ರಿಜೆಕ್ಷನ್ ಅನ್ನುವುದು ದಿನದ ಮಾತು. ಒಂದು ಲಾಟ್ ವಾಪಸ್ ಬಂದರೆ ಯಾರೂ ಅಳುತ್ತಾ ಕೂರುವುದಿಲ್ಲ. ಟೂಲ್ ಸವೆದಿತ್ತಾ, ಡ್ರಾಯಿಂಗ್ ಹಳೆಯದಾ, ಮೆಟೀರಿಯಲ್ ಬೇರೆ ಬಂತಾ, ಎರಡನೇ ಶಿಫ್ಟಿನ ಹುಡುಗ ಮೆಷಿನ್‌ಗೆ ಟೂಲ್ ಅಳತೆಯ ತಿದ್ದುಪಡಿ ಕೊಡಲು ಮರೆತನಾ, ಒಂದೊಂದೇ ನೋಡುತ್ತೇವೆ. ಅದೇ ತಿಂಗಳ ಲೆಕ್ಕ ಕೆಟ್ಟರೆ ಇದ್ಯಾವುದನ್ನೂ ನೋಡದೆ ಸೀದಾ "ನಾನು ಸರಿಯಿಲ್ಲ" ಅಂದುಬಿಡುತ್ತೇವೆ. ಒಂದು ರೂಪಾಯಿಯ ಬುಷ್‌ಗೆ ತೋರಿಸುವ ನ್ಯಾಯವನ್ನು ನಮಗೆ ನಾವು ತೋರಿಸಿಕೊಳ್ಳುವುದಿಲ್ಲ.

ಇನ್ನೊಂದು, ನಮಗೆ ಬರಬೇಕಾದ ದುಡ್ಡು. ಉದ್ಯಮ್ ನೋಂದಣಿ ಇರುವ ಸಣ್ಣ ಘಟಕಕ್ಕೆ ಎಷ್ಟೇ ತಡ ಅಂದರೂ 45 ದಿನದೊಳಗೆ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಬರವಣಿಗೆಯಲ್ಲಿ ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕಾಗದದ ಮೇಲೆ ನಾವು ರಾಜರು. ಆದರೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಹಾಕಿದರೆ ಆ ಕಂಪನಿಯಿಂದ ಮುಂದಿನ ಆರ್ಡರ್ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಹಾಗಾಗಿ ಕಂಪನಿಯ ಗೇಟ್ ಹತ್ತಿರ ನಿಂತು ಅಕೌಂಟ್ಸ್ ಹುಡುಗ ಫೋನ್ ಎತ್ತುವುದನ್ನು ಕಾಯುತ್ತೇವೆ. ಆ ನಿಲ್ಲುವಿಕೆ ಇದೆಯಲ್ಲ, ಅದರಲ್ಲಿ ಮರ್ಯಾದೆ ಹೋಗುವಷ್ಟು ನಷ್ಟದಲ್ಲೂ ಹೋಗುವುದಿಲ್ಲ.

ರೊಟ್ಟಿಅಕ್ಕ

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ.

ನಾನು ಕಲಬುರಗಿಯವಳು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಮಾರುತ್ತೇನೆ. ಜೊತೆಗೆ ನಾಲ್ಕು ಹೆಣ್ಣುಮಕ್ಕಳಿದ್ದಾರೆ. ಇದಕ್ಕೆ ಮೊದಲು ಮನೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆದದ್ದೇ ಇಲ್ಲ. ಸೊಸೆ, ಇವನ ಹೆಂಡತಿ, ಇವಳ ಅವ್ವ. ಈಗ ಬೆಂಗಳೂರಿನಿಂದ ಪುಣೆಯಿಂದ ಫೋನ್ ಮಾಡಿ ನನ್ನ ಹೆಸರು ಹೇಳಿ ಕೇಳುತ್ತಾರೆ. ಅತ್ತೆ ದೊಡ್ಡ ಖರ್ಚಿಗೆ ಮುಂಚೆ ನನ್ನನ್ನು ಒಂದು ಮಾತು ಕೇಳುತ್ತಾರೆ. ಈ ಮರ್ಯಾದೆ ಬಂದದ್ದೇ ವ್ಯಾಪಾರದಿಂದ. ಈಗ ನೀವು ಗಂಡಸರು ಬಂದು ವ್ಯಾಪಾರ ಬೇರೆ ನೀನು ಬೇರೆ ಅಂದರೆ, ಆ ವ್ಯಾಪಾರ ಕಳೆದು ಉಳಿಯುವ ನಾನು ಯಾರು? ಮತ್ತೆ ಅದೇ ಸೊಸೆಯಾ?

ಅಣ್ಣಾರ ಕಷ್ಟ ಅರ್ಥ ಆಗುತ್ತದೆ. ಎಲ್ಲರಿಗೂ ಒಂದೇ ಮದ್ದು ಅನ್ನಬೇಡಿ ಅಷ್ಟೇ.

ಹಳೇಬೇರು

ಅಕ್ಕ ಹೇಳಿದ್ದು ಸರಿ. ಇದೆಲ್ಲ ಹೊರಗಿನಿಂದ ಬಂದ ಮಾತು. ಕಾಯಕವೇ ಕೈಲಾಸ ಅಂತ ಕಲಿತ ನಾಡು ನಮ್ಮದು. ಕೆಲಸವೇ ನಾವು. ನಷ್ಟ ಆದರೆ ನೋವಾಗಬೇಕು, ಆಗಲೇ ಮನುಷ್ಯ ಏಳುವುದು. ಬ್ಯಾಂಕಿನವನು ಕಂತು ಕೇಳಲು ಬಂದಾಗ "ನಾನು ಬೇರೆ ಅಂಗಡಿ ಬೇರೆ" ಅನ್ನಿ ನೋಡೋಣ. ಹೊಟ್ಟೆ ತುಂಬಿದವರ ಚರ್ಚೆ.

ರೊಟ್ಟಿಅಕ್ಕ

ಅಯ್ಯೋ, ನನ್ನ ಹೆಗಲ ಮೇಲೆ ಬಂದೂಕು ಇಡಬೇಡಿ ಅಣ್ಣಾ.

ಕಾಯಕದ ಮಾತು ತೆಗೆದಿರಿ, ಹಾಗಾದರೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನೆಯಿರಿ. ನಮ್ಮ ಕಡೆಯವಳೇ. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನಕ್ಕಿಂತ ಜಾಸ್ತಿ ತಂದಾಗ ಆಕೆ ಹಿಗ್ಗಲಿಲ್ಲ, ಹೆಚ್ಚಿನದನ್ನು ಹೋಗಿ ಅಲ್ಲೇ ಸುರಿದು ಬಾ ಅಂತ ಕಳಿಸಿದಳು. ಜಾಸ್ತಿ ಅಕ್ಕಿ ತಂದದ್ದಕ್ಕೆ ಗಂಡ ದೊಡ್ಡವನಾಗಲಿಲ್ಲ ಅವಳ ಕಣ್ಣಲ್ಲಿ. ಆಯುವ ಕೆಲಸ ಕಾಯಕ, ಸೇರಿನ ಲೆಕ್ಕ ಕಾಯಕವಲ್ಲ. ಗಲ್ಲಾ ನೋಡಿ ಅಳೆಯಿರಿ ಅಂತ ಶರಣರು ಎಲ್ಲಿ ಹೇಳಿದ್ದಾರೆ?

ನನ್ನ ಹೆಮ್ಮೆಯೂ ಅಷ್ಟೇ, ಈಗ ಬರೆಯುತ್ತಾ ತಿಳಿಯುತ್ತಿದೆ. ರೊಟ್ಟಿ ಕಾಗದದಷ್ಟು ತೆಳು ಬಡಿಯಲು ನನಗೆ ಬರುತ್ತದೆ. ಆ ನಾಲ್ವರಿಗೂ ಕಲಿಸಿದ್ದೇನೆ. ಜೋಳದ ರೇಟ್ ಏರಿದ ತಿಂಗಳು ಲಾಭ ಕಮ್ಮಿ ಆದರೂ ಅದು ಹಾಗೇ ಇರುತ್ತದೆ.

ಖಾತೆಕಿರ್ದಿ

ವೃತ್ತಿಯಲ್ಲಿ ಲೆಕ್ಕಪರಿಶೋಧಕ. ಸಣ್ಣ ವ್ಯಾಪಾರಿಗಳ ಲೆಕ್ಕ ನೋಡುವುದೇ ಕೆಲಸ. ಮನಸ್ಸಿನ ವಿಷಯ ನನಗೆ ಅಷ್ಟು ಗೊತ್ತಾಗುವುದಿಲ್ಲ. ಲೆಕ್ಕದ ಪುಸ್ತಕ ಈ ವಿಷಯದಲ್ಲಿ ಏನು ಹೇಳುತ್ತದೆ ಅಂತ ಮಾತ್ರ ಹೇಳುತ್ತೇನೆ.

ಹಳೇಬೇರು ಅವರು ಬ್ಯಾಂಕಿನ ಬಗ್ಗೆ ಹೇಳಿದ್ದು ನಿಜ. ಪ್ರೊಪ್ರೈಟರ್‌ಶಿಪ್‌ನಲ್ಲಿ, ಅಂದರೆ ಒಬ್ಬರೇ ಮಾಲೀಕರಾಗಿ ನಡೆಸುವ ವ್ಯಾಪಾರದಲ್ಲಿ, ಕಾನೂನಿಗೆ ನೀವೂ ಅಂಗಡಿಯೂ ಒಂದೇ. ಅಚ್ಚಿನಮನೆ ಅವರು ಬಿಲ್ ಬುಕ್ ಮೇಲೆ ಹೊಡೆಯುವ 15 ಅಕ್ಷರದ ಜಿಎಸ್‌ಟಿ ನಂಬರ್ ನೋಡಿ, ಮೊದಲ ಎರಡು ಅಂಕಿ ಬಿಟ್ಟರೆ ಮುಂದಿನ ಹತ್ತು ಅಕ್ಷರ ಮಾಲೀಕನ ಸ್ವಂತ ಪ್ಯಾನ್. ಅಂಗಡಿಯ ಸಾಲದ ಕಂತು ತಪ್ಪಿದರೆ ಇಳಿಯುವುದು ನಿಮ್ಮ ಸಿಬಿಲ್ ಸ್ಕೋರ್, ಸಾಲ ಎಷ್ಟು ಸರಿಯಾಗಿ ತೀರಿಸುತ್ತೀರಿ ಅಂತ ಅಳೆಯುವ ಅಂಕ. 300ರಿಂದ 900ರ ನಡುವೆ ಒಂದು ಅಂಕಿ, ನಿಮ್ಮ ಹೆಸರಿನ ಪಕ್ಕದಲ್ಲೇ. ಇಷ್ಟೆಲ್ಲ ಇರುವಾಗ ನಾನೇ ಅಂಗಡಿ ಅಂತ ಅನ್ನಿಸುವುದು ಹುಚ್ಚಲ್ಲ. ವ್ಯವಸ್ಥೆ ಇರುವುದೇ ಹಾಗೆ.

ಆದರೆ ಲೆಕ್ಕಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಅದು ಮೊದಲ ಪಾಠದಲ್ಲೇ ಮಾಲೀಕನನ್ನೂ ವ್ಯಾಪಾರವನ್ನೂ ಬೇರೆ ಮಾಡುತ್ತದೆ. ನೀವು ಹಾಕಿದ ಬಂಡವಾಳ ಆಸ್ತಿ-ಜವಾಬ್ದಾರಿ ಪಟ್ಟಿಯಲ್ಲಿ ಯಾವ ಕಡೆ ಬರುತ್ತದೆ ಹೇಳಿ? ಜವಾಬ್ದಾರಿ ಕಡೆ. ಅಂದರೆ ಅಂಗಡಿ ನಿಮಗೆ ಬಾಕಿ ಇದೆ. ನಮ್ಮ ವ್ಯಾಪಾರಿಗಳು ಇದನ್ನು ಉಲ್ಟಾ ಮಾಡಿಕೊಂಡಿದ್ದಾರೆ, ಅಂಗಡಿಗೆ ತಾವೇ ಜೀವಮಾನವಿಡೀ ಬಾಕಿ ಇದ್ದೇವೆ ಅನ್ನುವಂತೆ ಬದುಕುತ್ತಾರೆ.

ನಾನು ಎಲ್ಲರಿಗೂ ಹೇಳುವುದು ಇಷ್ಟು. ಅಂಗಡಿಗೆ ಒಂದು ಕರೆಂಟ್ ಅಕೌಂಟ್, ಮನೆಗೆ ಬೇರೆ ಅಕೌಂಟ್. ತಿಂಗಳಿಗೊಂದು ದಿನ ಗೊತ್ತು ಮಾಡಿದ ಮೊತ್ತ ಅಲ್ಲಿಂದ ಇಲ್ಲಿಗೆ. ಪ್ರೊಪ್ರೈಟರ್ ತನಗೆ ತಾನೇ ಕೊಟ್ಟುಕೊಂಡ ಸಂಬಳವನ್ನು ಆದಾಯ ತೆರಿಗೆಯಲ್ಲಿ ಖರ್ಚು ಅಂತ ಒಪ್ಪುವುದಿಲ್ಲ, ಅದು ಡ್ರಾಯಿಂಗ್ಸ್, ಅಂದರೆ ಮಾಲೀಕ ತನಗಾಗಿ ತೆಗೆದುಕೊಂಡ ದುಡ್ಡು ಅಂತಲೇ ಹೋಗುತ್ತದೆ. ಇರಲಿ, ಇದು ತೆರಿಗೆಗಾಗಿ ಅಲ್ಲ. ಎಷ್ಟು ತೆಗೆಯಬೇಕು? ನಿಮ್ಮ ಜಾಗದಲ್ಲಿ ಇನ್ನೊಬ್ಬ ನಿಂತು ನೋಡಿಕೊಳ್ಳಲು ಎಷ್ಟು ಕೇಳುತ್ತಾನೋ ಅಷ್ಟು. ಹೆಂಡತಿ ಕೌಂಟರಿನಲ್ಲಿ ಕೂರುತ್ತಿದ್ದರೆ ಅವರದ್ದೂ ಸೇರಿಸಿ. ಅಷ್ಟು ಕೊಡಲು ಅಂಗಡಿಗೆ ಆಗುವುದಿಲ್ಲ ಅಂತಾದರೆ ಒಂದು ಕಹಿ ವಿಷಯ ತಿಳಿಯುತ್ತದೆ: ಇಷ್ಟು ವರ್ಷ ಲಾಭ ಅಂದುಕೊಂಡದ್ದು ಲಾಭವಲ್ಲ, ನಿಮ್ಮಿಬ್ಬರ ಬಿಟ್ಟಿ ದುಡಿಮೆ. ಅದು ಅಂಗಡಿಯ ರೋಗ, ಚಿಕಿತ್ಸೆ ಅಂಗಡಿಗೆ ಕೊಡಬೇಕು.

ಅಚ್ಚಿನಮನೆ_ರಾಣೆಬೆನ್ನೂರು

ಖಾತೆಕಿರ್ದಿ ಸರ್, ಈ ಲೆಕ್ಕ ಮಾಡಲು ಭಯ ಆಗುತ್ತಿದೆ. ಆದರೂ ಮಾಡುತ್ತೇನೆ.

ಇನ್ನೊಂದು ಸಂಗತಿ ಹೇಳಬೇಕು, ಇದು ನಿಜವಾದ ಗಂಟು. ನನಗೆ ರೇಟ್ ಹೇಳಲು ಆಗುವುದಿಲ್ಲ. ಕಾಗದದ ರೇಟ್ ಏರಿದೆ, ಪ್ಲೇಟ್ ಏರಿದೆ, ಇಂಕ್ ಏರಿದೆ. ಗಿರಾಕಿ ಎದುರು ಕೂತು "ಇಷ್ಟೊಂದಾ?" ಅಂದ ಕೂಡಲೇ ಅವನು ಪತ್ರಿಕೆಗಲ್ಲ, ನನಗೇ ಅಷ್ಟು ಬೆಲೆ ಇಲ್ಲ ಅಂದ ಹಾಗೆ ಕೇಳಿಸುತ್ತದೆ. ತಕ್ಷಣ ಇಳಿಸಿಬಿಡುತ್ತೇನೆ. ಉದ್ರಿ ಕತೆಯೂ ಅದೇ. ಗೋಡೆ ಮೇಲೆ "ಇಂದು ನಗದು, ನಾಳೆ ಉದ್ರಿ" ಅಂತ ನಾನೇ ಹೊಡೆದ ಬೋರ್ಡಿದೆ, ಅದರ ಕೆಳಗೇ ಕೂತು ಉದ್ರಿ ಬರೆಯುತ್ತೇನೆ. ಕೇಳಲು ಹೋದರೆ ಇವನಿಗೆ ಗತಿ ಇಲ್ಲ ಅಂದುಕೊಳ್ಳುತ್ತಾರೆ ಅಂತ ನಾಚಿಕೆ. ದೊಡ್ಡ ಮನುಷ್ಯನ ಹಾಗೆ "ಇರಲಿ ಬಿಡ್ರಿ, ಯಾವಾಗಾದರೂ ಕೊಡಿ" ಅಂತೀನಿ. ಆಮೇಲೆ ಕಾಗದದ ಅಂಗಡಿಯವನ ಫೋನ್ ಬಂದರೆ ಎತ್ತುವುದಿಲ್ಲ.

ಪೀಣ್ಯ_ಲೇತ್

ಇದು ನೋಡಿ ಅಸಲಿ ವಿಷಯ. ಹಳೇಬೇರು ಸರ್ ನೋವಾದರೆ ಏಳುತ್ತೇವೆ ಅಂದರು. ಏಳುವುದಿಲ್ಲ ಸರ್, ರೇಟ್ ಇಳಿಸುತ್ತೇವೆ. ಅಂಗಡಿಯೇ ನಾನು ಅಂದುಕೊಂಡವನಿಗೆ ಕೊಟೇಶನ್ ವಾಪಸ್ ಬಂದರೆ ಅವಮಾನ, ಬಾಕಿ ಕೇಳಿದರೆ ಭಿಕ್ಷೆ, ನಷ್ಟದ ಐಟಂ ನಿಲ್ಲಿಸಿದರೆ ಸೋಲು. ಹಾಗಾಗಿ ಯಾವುದನ್ನೂ ಮಾಡುವುದಿಲ್ಲ. ವ್ಯಾಪಾರ ಉಳಿಸಲಿಕ್ಕಾದರೂ ಈ ಗಂಟು ಬಿಚ್ಚಬೇಕು.

ಬಾಕಿ ಕೇಳುವ ಕೆಲಸ ನೀವು ಮಾಡಬೇಡಿ ಅಣ್ಣ. ಹುಡುಗರಲ್ಲಿ ಒಬ್ಬನಿಗೆ ಕೊಡಿ. ಪ್ರತಿ ಶನಿವಾರ ಪಟ್ಟಿ ಹಿಡಿದು ಫೋನ್ ಮಾಡಲಿ. ಅವನಿಗೆ ನಾಚಿಕೆ ಇಲ್ಲ, ಅದು ಅವನ ಕೆಲಸ ಅಷ್ಟೇ. ನಮ್ಮಲ್ಲಿ ಅದೇ ನಡೆಯುತ್ತಿದೆ.

ದಿನಸಿ_ಹಾಸನ

ಹಾಸನದವನು, ಅಂಗಡಿ ಬೆಂಗಳೂರಿನಲ್ಲಿ. ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ಗಳು ಬಂದ ಮೇಲೆ ನಮ್ಮ ಬೀದಿಯಲ್ಲಿ ಒಂದು ವಿಚಿತ್ರ ನಡೆಯುತ್ತಿದೆ. ವರ್ಷಗಟ್ಟಲೆ ನನ್ನ ಹತ್ತಿರ ಸಾಮಾನು ತಗೊಂಡವರು ಆ್ಯಪ್‌ನ ಚೀಲ ಕೈಯಲ್ಲಿದ್ದರೆ ಅಂಗಡಿ ಮುಂದೆ ಬರುವಾಗ ಇನ್ನೊಂದು ಬದಿಗೆ ದಾಟುತ್ತಾರೆ. ಮೊದಲು ನನಗೆ ಮೋಸ ಮಾಡಿದರು ಅನ್ನಿಸುತ್ತಿತ್ತು. ಈಗ ನಾನೇ ಕೂಗಿ ಮಾತಾಡಿಸುತ್ತೇನೆ. ಪಾಪ ಅವರು ಬಿಟ್ಟಿದ್ದು ನನ್ನನ್ನಲ್ಲ, ಮೂರು ಮಹಡಿ ಇಳಿಯುವುದನ್ನು.

ಇದರ ಉಲ್ಟಾ ಕತೆಯೂ ಇದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಜಿಎಸ್‌ಟಿ ನೋಟಿಸ್ ಬಂದವಲ್ಲ, ಬೀದಿ ಬೀದಿಯಲ್ಲಿ "ಯುಪಿಐ ಇಲ್ಲ, ನಗದು ಮಾತ್ರ" ಬೋರ್ಡ್ ಬಿದ್ದವಲ್ಲ, ಆಗ ನನ್ನ ಭಾಮೈದ "ಏನ್ ಭಾವ, ನೀವೆಲ್ಲ ಲಕ್ಷಾಧಿಪತಿಗಳಂತೆ" ಅಂದ. ಸರಕಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಅದು ವಹಿವಾಟು. ಹಾಲು, ಅಕ್ಕಿ, ಬೇಳೆ ಮಾರುವವನಿಗೆ ಅದರಲ್ಲಿ ಉಳಿಯುವುದು ಎಷ್ಟು ಅಂತ ಅವನಿಗೇನು ಗೊತ್ತು. ಒಂದೇ ಅಂಗಡಿ, ಒಂದೇ ವರ್ಷ, ಭಾಮೈದನ ಕಣ್ಣಿಗೆ ಶ್ರೀಮಂತ, ಹೆಂಡತಿ ಕಣ್ಣಿಗೆ ಬಡವ. ಇಬ್ಬರ ಅಂಕಿಯೂ ನಿಜ. ಅಲ್ಲಿಂದ ನಾನು ಅಂಕಿ ನೋಡಿ ನನ್ನನ್ನು ಅಳೆಯುವುದು ಕಮ್ಮಿ ಮಾಡಿದೆ.

ಸ್ಟುಡಿಯೋ_ತೀರ್ಥಹಳ್ಳಿ

ನಾನು ಅಂಗಡಿ ಮುಚ್ಚಿದವನು. ಆ ಕಡೆಯಿಂದ ಹೇಳುತ್ತೇನೆ.

ಫೋಟೋ ಸ್ಟುಡಿಯೋ ಇತ್ತು. ಪಾಸ್‌ಪೋರ್ಟ್ ಸೈಜ್, ಮದುವೆ, ನಾಮಕರಣ, ಶಾಲೆಯ ಗ್ರೂಪ್ ಫೋಟೋ. ಎಲ್ಲರ ಕೈಗೂ ಒಳ್ಳೆ ಫೋನ್ ಬಂತು. ಮುಚ್ಚುವ ಮುಂಚೆ ತುಂಬಾ ಹೆದರಿದ್ದೆ. ಊರಿನವರು ಏನಂತಾರೆ, ನೆಂಟರ ಮನೆ ಕಾರ್ಯಕ್ಕೆ ಯಾವ ಮುಖ ಇಟ್ಟುಕೊಂಡು ಹೋಗಲಿ. ನಡೆದದ್ದು ಇಷ್ಟು: ಸ್ವಲ್ಪ ದಿನ ಮಾತಾಡಿಕೊಂಡರು, ಅಷ್ಟರಲ್ಲಿ ಅಡಿಕೆಗೆ ಎಲೆಚುಕ್ಕಿ ರೋಗ ಜಾಸ್ತಿ ಆಯಿತು, ಅವರ ಮಾತು ಆ ಕಡೆ ಹೋಯಿತು. ಯಾರಿಗೂ ನನ್ನ ಸೋಲನ್ನು ನೆನಪಿಟ್ಟುಕೊಳ್ಳುವಷ್ಟು ಪುರುಸೊತ್ತಿಲ್ಲ.

ಹಾಗಂತ ಸುಲಭವಾಗಿತ್ತು ಅಂತಲ್ಲ. ಕಷ್ಟ ನಾನು ನೆನೆಸದ ಕಡೆಯಿಂದ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಹೋಗಲು ಜಾಗ ಇಲ್ಲ. ಶಟರ್ ಎತ್ತಿ, ಕಸ ಗುಡಿಸಿ, ದೇವರ ಫೋಟೋಗೆ ಊದುಬತ್ತಿ ಹಚ್ಚಿ, ಪಕ್ಕದ ಮೆಡಿಕಲ್‌ನವನ ಜೊತೆ ಅರ್ಧ ಟೀ. ಅದರಲ್ಲಿ ಒಂದು ರೂಪಾಯಿ ಸಂಪಾದನೆ ಇಲ್ಲ, ಆದರೆ ನನ್ನನ್ನು ನಿಲ್ಲಿಸಿದ್ದು ಅದೇ ಅಂತ ಹೋದ ಮೇಲೆ ಗೊತ್ತಾಯಿತು. ಈಗ ಶಿವಮೊಗ್ಗದ ಒಂದು ಕಲರ್ ಲ್ಯಾಬಿನಲ್ಲಿ ಆಲ್ಬಂ ಡಿಸೈನ್ ಮಾಡುತ್ತೇನೆ, ಸಂಬಳ ಬರುತ್ತದೆ. ಊರಿಗೆ ಹೋದರೆ ಇವತ್ತಿಗೂ ಸ್ಟುಡಿಯೋ ಅಣ್ಣ ಅಂತಲೇ ಕರೆಯುತ್ತಾರೆ. ಮೆಡಿಕಲ್‌ನವನಿಗೆ ಈಗಲೂ ಫೋನ್ ಮಾಡುತ್ತೇನೆ. ಅಂಗಡಿ ನಡೆಯುತ್ತಿರುವಾಗಲೇ ಅಂಗಡಿಗೆ ಸಂಬಂಧ ಇಲ್ಲದ ಒಂದು ಜಾಗಕ್ಕೆ ವಾರಕ್ಕೊಮ್ಮೆಯಾದರೂ ಹೋಗಿ. ಯಕ್ಷಗಾನ ತಾಳಮದ್ದಲೆಯೋ, ಭಜನೆಯೋ, ವಾಲಿಬಾಲೋ. ಅಲ್ಲಿ ನಿಮ್ಮ ವ್ಯಾಪಾರ ಹೇಗಿದೆ ಅಂತ ಯಾರೂ ಕೇಳಬಾರದು.

ಕಾಫಿಕಣಿವೆ

ನಾನು ಚಿಕ್ಕಮಗಳೂರಿನವನು. ಈ ಚರ್ಚೆ ಓದುವಾಗ ನಮ್ಮ ಜಿಲ್ಲೆಯವರಿಗೆ ವಿ.ಜಿ. ಸಿದ್ಧಾರ್ಥ ನೆನಪಾಗದೆ ಇರುವುದಿಲ್ಲ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರೋಡಿನಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದು ದೇಶಕ್ಕೇ ಕಾಫಿ ಅಂಗಡಿ ತೋರಿಸಿದವರು. 2019ರ ಜುಲೈ ಕೊನೆಯಲ್ಲಿ ಅವರು ತೀರಿಕೊಂಡಾಗ ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ, ಉದ್ಯಮಿಯಾಗಿ ಸೋತಿದ್ದೇನೆ ಎಂಬ ಅರ್ಥದ ಮಾತಿತ್ತು. ಅವರ ಸಾವಿನ ಕಾರಣ ಬಿಡಿಸಲು ನಾನು ಹೊರಟಿಲ್ಲ, ಅದು ನನ್ನ ಕೆಲಸವೂ ಅಲ್ಲ. ಆದರೆ ಇಲ್ಲಿ ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ಅವತ್ತು ಅತ್ತವರು ಯಾರೂ ಬ್ಯಾಲೆನ್ಸ್ ಶೀಟ್ ನೋಡಿ ಅತ್ತಿರಲಿಲ್ಲ. 2020ರ ಡಿಸೆಂಬರಿನಲ್ಲಿ ಪತ್ನಿ ಮಾಳವಿಕಾ ಹೆಗ್ಡೆ ಕಂಪನಿಯ ಸಿಇಒ ಆದರು, ಆಮೇಲೆ ಅದರ ಸಾಲ ಬಹಳಷ್ಟು ಇಳಿಯಿತು.

ಅಚ್ಚಿನಮನೆಯವರೇ, ನೀವು ಯಾರ ಮುಖವನ್ನೂ ನೋಡಲಾಗುವುದಿಲ್ಲ ಅಂದಿರಿ. ಅದು ವಾರಗಟ್ಟಲೆ ಹಾಗೇ ಇದ್ದರೆ, ನಿದ್ದೆ ಕೆಟ್ಟರೆ, ನಾನಿಲ್ಲದಿದ್ದರೇ ಇವರಿಗೆ ಒಳ್ಳೆಯದು ಅನ್ನುವ ಯೋಚನೆ ಒಮ್ಮೆ ಬಂದರೂ, 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ನಮ್ಮ ನಿಮ್ಹಾನ್ಸ್ ಇದರ ಹಿಂದಿದೆ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಬೈಂಡಿಂಗ್ ಮೆಷಿನ್ ಕೆಟ್ಟರೆ ಮೆಕ್ಯಾನಿಕ್‌ಗೆ ಫೋನ್ ಮಾಡಲು ಯಾರೂ ನಾಚಿಕೊಳ್ಳುವುದಿಲ್ಲ ತಾನೇ.

ಹಳೇಬೇರು

ಇಷ್ಟು ಗಂಭೀರ ಅಂದುಕೊಂಡಿರಲಿಲ್ಲ. ಹೊಟ್ಟೆ ತುಂಬಿದವರು ಅಂದ ಮಾತು ವಾಪಸ್ ತಗೊಂಡೆ. ನಷ್ಟಕ್ಕೆ ನೋವಾಗಲೇಬೇಕು ಅನ್ನುವುದನ್ನು ಬಿಡುವುದಿಲ್ಲ. ನೋವಾಗುವುದೂ ನಾಚಿಕೆಯಾಗುವುದೂ ಬೇರೆ ಬೇರೆ, ಅಷ್ಟರ ಮಟ್ಟಿಗೆ ಒಪ್ಪುತ್ತೇನೆ.

ಅಚ್ಚಿನಮನೆ_ರಾಣೆಬೆನ್ನೂರು

ಕಾಫಿಕಣಿವೆ ಅವರೇ, ಆ ಮಟ್ಟಕ್ಕೆ ಹೋಗಿಲ್ಲ. ನಂಬರ್ ಬರೆದಿಟ್ಟುಕೊಂಡಿದ್ದೇನೆ, ನಮ್ಮ ಮಾರ್ಕೆಟ್ಟಿನಲ್ಲಿ ಬೇಕಾದವರಿದ್ದಾರೆ.

ಉದ್ರಿ ಪಟ್ಟಿ ತೆಗೆದು ಕೂಡಿಸಿದೆವು. ನನ್ನ ಹೆಂಡತಿ ಮೊತ್ತ ನೋಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ, ಆಮೇಲೆ "ನೀವು ಸೋತಿಲ್ಲ ಬಿಡ್ರಿ, ಊರಿಗೆಲ್ಲ ಸಾಲ ಕೊಟ್ಟಿದ್ದೀರಿ" ಅಂದಳು. ಬೈದಳೋ ಸಮಾಧಾನ ಮಾಡಿದಳೋ ಗೊತ್ತಾಗಲಿಲ್ಲ. ಶನಿವಾರದಿಂದ ಹುಡುಗ ಫೋನ್ ಮಾಡುತ್ತಾನೆ. ರೇಟ್ ಪಟ್ಟಿಯನ್ನು ಹೊಡೆದು ಕೌಂಟರ್ ಗಾಜಿನ ಕೆಳಗೆ ಇಡುವುದು ಅಂತ ಮಾಡಿದ್ದೇವೆ, ಬಾಯಲ್ಲಿ ಹೇಳುವ ಕೆಲಸವೇ ಬೇಡ.

ಸರ್, ಒಂದು ಪ್ರಶ್ನೆ. ಪ್ರೊಪ್ರೈಟರ್‌ಶಿಪ್ ಬಿಟ್ಟು ಒಬ್ಬರೇ ಕಂಪನಿ ಮಾಡಬಹುದಂತೆ. ಹಾಗೆ ಮಾಡಿದರೆ ಕಾಗದದ ಮೇಲಾದರೂ ನಾನು ಬೇರೆ ಆಗುತ್ತೇನಾ?

ಖಾತೆಕಿರ್ದಿ

ಆಗುತ್ತೀರಿ. 2013ರ ಕಂಪನಿ ಕಾಯ್ದೆಯಲ್ಲಿ ಒಪಿಸಿ ಅಂತ ಇದೆ, ಒಬ್ಬರೇ ಸದಸ್ಯರು ಸಾಕು. ಕಂಪನಿಗೆ ಬೇರೆ ಪ್ಯಾನ್, ನಿಮಗೆ ನಿಜವಾದ ಸಂಬಳವನ್ನೂ ಅದು ಕೊಡಬಹುದು. ಆದರೆ ವರ್ಷ ವರ್ಷ ಆಡಿಟ್, ಕಂಪನಿ ರಿಜಿಸ್ಟ್ರಾರ್‌ಗೆ (ಆರ್‌ಒಸಿ) ಫೈಲಿಂಗ್, ತಪ್ಪಿದರೆ ದಂಡ. ನಿಮ್ಮ ಅಳತೆಯ ಪ್ರೆಸ್‌ಗೆ ನಾನಾದರೆ ಹೇಳುವುದಿಲ್ಲ. ಇನ್ನು ಸಾಲಕ್ಕೆ ಹೋದರೆ ಸಾಮಾನ್ಯವಾಗಿ ಬ್ಯಾಂಕಿನವರು ಕಂಪನಿ ಸಹಿ ಹಾಕಿಸಿಕೊಂಡು, ಪಕ್ಕದಲ್ಲೇ ವೈಯಕ್ತಿಕ ಜಾಮೀನಿಗೆ ನಿಮ್ಮದೂ ಒಂದು ಸಹಿ ಹಾಕಿಸಿಕೊಳ್ಳುತ್ತಾರೆ. ಮೊದಲು ಎರಡು ಅಕೌಂಟ್ ಮಾಡಿ, ಮಾರ್ಚ್‌ವರೆಗೆ ನಡೆಸಿ ನೋಡಿ, ಆಮೇಲೆ ಮಾತಾಡೋಣ.